ಅವರೆ, ಹಲಸು ಮತ್ತು ತಂಗಳ ಪೆಟ್ಟಿಗೆ: ಮನೆಯಲ್ಲಿ ಆಹಾರವನ್ನು ಹೆಪ್ಪುಗಟ್ಟಿಸಿ ಕಾಪಾಡುವ ಕ್ರಮ

ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ತಿನ್ನುವ ಪದಾರ್ಥ ಬಂದರೆ ಒಟ್ಟಿಗೇ ಬರುತ್ತದೆ, ಹೋದರೆ ಒಟ್ಟಿಗೇ ಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನ ಸೊಗಡವರೆ ಮೂಟೆಗಟ್ಟಲೆ ಮನೆಗೆ ಬರುತ್ತದೆ. ಮೇ, ಜೂನ್ ತಿಂಗಳಲ್ಲಿ ತೋಟದ ಬದುವಿನ ಹಲಸಿನ ಮರದಡಿ ಹಣ್ಣು ಬಿದ್ದು ಕೊಳೆಯುತ್ತದೆ. ಟೊಮ್ಯಾಟೊ ಬೆಲೆ ಕುಸಿದ ವಾರ ಕುಯ್ಲಿನ ಕೂಲಿಯೂ ಹುಟ್ಟದೆ ಹಣ್ಣು ಗಿಡದಲ್ಲೇ ಉಳಿಯುತ್ತದೆ. ಎರಡು ತಿಂಗಳು ಕಳೆದ ಮೇಲೆ ಅದೇ ಪದಾರ್ಥಕ್ಕೆ ನಾವೇ ಸಂತೆಯಲ್ಲಿ ದುಡ್ಡು ಎಣಿಸುತ್ತೇವೆ.

ಈಗ ಹಳ್ಳಿಯ ಮನೆಗಳಲ್ಲೂ ಫ್ರಿಜ್ ಇದೆ. ಕೆಲವರು ಬೇರೆಯಾಗಿ ಡೀಪ್ ಫ್ರೀಜರನ್ನೂ ಕೊಂಡಿದ್ದಾರೆ. ಹಿರಿಯರು ಹಾಸ್ಯಕ್ಕೆ ಇದನ್ನು ‘ತಂಗಳ ಪೆಟ್ಟಿಗೆ’ ಎನ್ನುವುದುಂಟು. ಹಾಸ್ಯದಲ್ಲಿ ಒಂದು ಸತ್ಯವೂ ಇದೆ. ಪೆಟ್ಟಿಗೆಯೊಳಗೆ ಇಟ್ಟ ಮಾತ್ರಕ್ಕೆ ಹಳಸಿದ್ದು ಹೊಸದಾಗುವುದಿಲ್ಲ. ಕ್ರಮ ತಿಳಿದು ಬಳಸಿದರೆ ಈ ಪೆಟ್ಟಿಗೆ ವರ್ಷದ ಅವರೆಯನ್ನೂ ಹಲಸನ್ನೂ ಉಳಿಸಿಕೊಡುತ್ತದೆ. ಕ್ರಮ ತಪ್ಪಿದರೆ ಮನೆಮಂದಿಗೆಲ್ಲ ವಾಂತಿ ಭೇದಿ ತರುತ್ತದೆ. ಆದ್ದರಿಂದ ಈ ಪಾಠದಲ್ಲಿ ಆಹಾರವನ್ನು ಹೆಪ್ಪುಗಟ್ಟಿಸುವ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ.

1. ಪ್ರತಿಯೊಂದು ಉಗ್ರಾಣಕ್ಕೂ ಅದರದೇ ಕಟ್ಟಳೆ

ದಾಸ್ತಾನು ಮಾಡುವ ವಿದ್ಯೆ ನಮಗೆ ಹೊಸದಲ್ಲ. ಬಯಲುಸೀಮೆಯ ರೈತ ಹಿಂದೆ ನೆಲದಡಿಯ ಹಗೇವಿನಲ್ಲಿ ರಾಗಿ ತುಂಬಿ ವರ್ಷಗಟ್ಟಲೆ ಕಾಪಾಡುತ್ತಿದ್ದ. ಅದಕ್ಕೂ ಕಟ್ಟಳೆಗಳಿದ್ದವು. ರಾಗಿ ಚೆನ್ನಾಗಿ ಒಣಗಿರಬೇಕು, ಹಗೇವಿಗೆ ನೀರಿನ ಪಸೆ ತಾಕಬಾರದು, ಬಾಯಿ ತೆರೆದ ಕೂಡಲೇ ಒಳಗೆ ಇಳಿಯಕೂಡದು, ಕೆಟ್ಟ ಗಾಳಿ ಹೊರಹೋಗಲು ಬಿಟ್ಟು ಆಮೇಲೆ ಇಳಿಯಬೇಕು. ಈ ಕಟ್ಟಳೆ ಮೀರಿದರೆ ರಾಗಿಯಷ್ಟೇ ಅಲ್ಲ, ಪ್ರಾಣವೂ ಹೋಗುತ್ತಿತ್ತು. ಫ್ರೀಜರೂ ಒಂದು ಉಗ್ರಾಣವೇ. ಅದರ ಕಟ್ಟಳೆಗಳನ್ನು ಮಾತ್ರ ನಾವು ಇನ್ನೂ ಅಷ್ಟು ಶ್ರದ್ಧೆಯಿಂದ ಕಲಿತಿಲ್ಲ.

ಹೆಪ್ಪುಗಟ್ಟಿಸಿದ ಆಹಾರದ ವ್ಯಾಪಾರ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ 1912ರ ನಂತರ ಕೆಲವು ವರ್ಷ ಕೆನಡಾದ ಲ್ಯಾಬ್ರಡಾರ್ ಎಂಬ ಅತಿ ಚಳಿಯ ನಾಡಿನಲ್ಲಿದ್ದ. ಅಲ್ಲಿನವರು ಹಿಡಿದ ಮೀನು ಆ ಚಳಿಗಾಳಿಗೆ ಕ್ಷಣದಲ್ಲಿ ಕಲ್ಲಿನಂತಾಗಿ, ತಿಂಗಳುಗಳ ಬಳಿಕ ಕರಗಿಸಿದಾಗಲೂ ಹೊಸ ಮೀನಿನಂತೆಯೇ ಇರುವುದನ್ನು ಕಂಡ. ಬೇಗ ಹೆಪ್ಪುಗಟ್ಟಿದರೆ ಪದಾರ್ಥ ಕೆಡದು ಎಂಬುದೇ ಅವನು ಕಲಿತ ಪಾಠ. ಅವನ ವಿಧಾನದಿಂದ ತಯಾರಾದ ಪದಾರ್ಥಗಳು 1930ರಲ್ಲಿ ಅಲ್ಲಿನ ಅಂಗಡಿಗಳಿಗೆ ಬಂದವು. ನಮ್ಮಲ್ಲಿ ಆಹಾರ ಸಂರಕ್ಷಣೆಯ ಸಂಶೋಧನೆಗೆಂದೇ ಮೈಸೂರಿನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಯಿತು.

2. ನೀರೇ ಮೂಲ

ಅಡಿಕೆ, ಕಾಫಿ ಬೆಳೆಗಾರರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಚಾಲಿ ಅಡಿಕೆಯನ್ನು 35ರಿಂದ 40 ದಿನ ಬಿಸಿಲಿಗೆ ಹಾಕುತ್ತೇವೆ. ಕಾಫಿ ಬೀಜದ ತೇವ ಶೇಕಡ 10–11ಕ್ಕೆ ಇಳಿಯುವವರೆಗೆ ಕಣದಲ್ಲಿ ಕೈಯಾಡಿಸುತ್ತೇವೆ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಪದಾರ್ಥವನ್ನು ಕೆಡಿಸುವ ಬೂಷ್ಟು, ಯೀಸ್ಟ್, ಬ್ಯಾಕ್ಟೀರಿಯಗಳಿಗೆಲ್ಲ ಬದುಕಲು ನೀರು ಬೇಕು.

ಒಣಗಿಸುವುದೆಂದರೆ ಆ ನೀರನ್ನು ಹೊರಗೆ ಹಾಕುವುದು. ಹೆಪ್ಪುಗಟ್ಟಿಸುವುದೆಂದರೆ ನೀರನ್ನು ಒಳಗೇ ಇಟ್ಟು ಅದಕ್ಕೆ ಬೀಗ ಹಾಕುವುದು. ನೀರು ಮಂಜುಗಡ್ಡೆಯಾದರೆ ಸೂಕ್ಷ್ಮಾಣುಗಳ ಪಾಲಿಗೆ ಅದು ಇಲ್ಲದಂತೆಯೇ ಸರಿ. ಆದರೆ ಒಣಗಿಸಿದ ಅಡಿಕೆಗೆ ನೀರು ಮರಳಿ ಬರಬೇಕಾದರೆ ಮಳೆಯೋ ಶೀತವೋ ತಾಕಬೇಕು. ಹೆಪ್ಪುಗಟ್ಟಿದ ಕಾಳಿನಲ್ಲಿ ನೀರು ಅಲ್ಲೇ ಕಾದು ಕುಳಿತಿದೆ. ಕರೆಂಟು ಹೋಗಿ ಬೀಗ ಕಳಚಿದೊಡನೆ ಕೆಡುವ ಕೆಲಸ ಶುರುವಾಗುತ್ತದೆ. ಒಣ ದಾಸ್ತಾನಿಗೂ ಹೆಪ್ಪಿನ ದಾಸ್ತಾನಿಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಇನ್ನೊಂದು ಸಂಗತಿ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಕಂಠಮಟ್ಟ ತುಂಬಿದ ಗಾಜಿನ ಸೀಸೆ ಫ್ರೀಜರಿನಲ್ಲಿ ಒಡೆಯುವುದು ಇದರಿಂದಲೇ. ಡಬ್ಬಿಯಾಗಲಿ ಚೀಲವಾಗಲಿ, ಮೇಲೆ ಒಂದಂಗುಲ ಜಾಗ ಬಿಡಬೇಕು. ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಕಾಯಿ ಹಣ್ಣುಗಳ ಜೀವಕೋಶಗಳನ್ನು ಚುಚ್ಚಿ ಹರಿಯುತ್ತವೆ. ಕರಗಿಸಿದಾಗ ನೀರು ಸೋರಿ ಪದಾರ್ಥ ಮೆತ್ತಗಾಗುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು, ರುಚಿಗೂ ಹದಕ್ಕೂ ನಷ್ಟ ಕಡಿಮೆ.

3. ಚಳಿ ಕೊಲ್ಲುವುದಿಲ್ಲ, ಮಲಗಿಸುತ್ತದೆ

ಈ ಪಾಠದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಬೇಕು. ಹೆಪ್ಪುಗಟ್ಟಿಸುವುದರಿಂದ ಬ್ಯಾಕ್ಟೀರಿಯಗಳು ಸಾಯುತ್ತವೆ ಎಂದು ಅನೇಕರು ನಂಬಿದ್ದಾರೆ. ಕೆಲವು ಸಾಯಬಹುದು, ಬಹುಪಾಲು ನಿದ್ದೆ ಹೋಗುತ್ತವೆ, ಅಷ್ಟೆ. ಕೊಳಕು ಕೈಯಿಂದ ತುಂಬಿದ ಪೊಟ್ಟಣ ಆರು ತಿಂಗಳ ನಂತರವೂ ಕೊಳಕು ಪೊಟ್ಟಣವೇ. ಕರಗಿ ಬೆಚ್ಚಗಾದೊಡನೆ ಆ ಸೂಕ್ಷ್ಮಾಣುಗಳು ಎದ್ದು ತಮ್ಮ ಕೆಲಸ ಮುಂದುವರಿಸುತ್ತವೆ.

5 ಡಿಗ್ರಿ ಸೆಂಟಿಗ್ರೇಡಿನಿಂದ 60 ಡಿಗ್ರಿಯವರೆಗಿನ ಶಾಖ ಅಪಾಯದ ವಲಯ. ಈ ವಲಯದ ಒಳ್ಳೆಯ ಬೆಚ್ಚನೆಯಲ್ಲಿ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಹಾಗೆ ಬೆಳೆದರೆ ಒಂದು ಬ್ಯಾಕ್ಟೀರಿಯ ಆರು ಗಂಟೆಯಲ್ಲಿ ಎರಡೂವರೆ ಲಕ್ಷ ದಾಟುತ್ತದೆ. ಆದ್ದರಿಂದ ಬೇಯಿಸಿದ ಅಡಿಗೆಯನ್ನಾಗಲಿ ಹಸಿ ಮಾಂಸವನ್ನಾಗಲಿ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಶಾಖ 32 ಡಿಗ್ರಿ ಮೀರಿದಾಗ ಒಂದೇ ಗಂಟೆ.

‘ಚೆನ್ನಾಗಿ ಕುದಿಸಿಬಿಟ್ಟರೆ ಸರಿಹೋಗುತ್ತದೆ’ ಎಂಬ ಮಾತನ್ನು ಪ್ರತಿ ಮನೆಯಲ್ಲೂ ಕೇಳುತ್ತೇವೆ. ಇದು ಅರ್ಧ ಸತ್ಯ. ಕುದಿಸಿದರೆ ಬ್ಯಾಕ್ಟೀರಿಯ ಸಾಯಬಹುದು. ಆದರೆ ಕೆಲವು ಜಾತಿಯವು ಬೆಳೆಯುವಾಗ ಆಹಾರದಲ್ಲಿ ಬಿಟ್ಟ ವಿಷ ಕುದಿತಕ್ಕೂ ಜಗ್ಗುವುದಿಲ್ಲ. ರಾತ್ರಿಯೆಲ್ಲ ಹೊರಗಿದ್ದ ಅನ್ನದಲ್ಲಿ ಹುಟ್ಟುವ ವಿಷ ಇಂಥದ್ದೊಂದು. ಬೆಳಿಗ್ಗೆ ಅದನ್ನು ಚಿತ್ರಾನ್ನ ಮಾಡಿದರೂ ವಿಷ ಹೋಗುವುದಿಲ್ಲ. ವಾಸನೆ, ಬಣ್ಣ, ರುಚಿ ಯಾವುದರಲ್ಲೂ ಗುರುತು ಸಿಕ್ಕದಿರಬಹುದು. ಮೂಸಿ ನೋಡಿ, ನಾಲಿಗೆಗೆ ಹಚ್ಚಿ ನೋಡಿ ತೀರ್ಮಾನಿಸುವ ಅಭ್ಯಾಸ ಇದಕ್ಕೇ ನಂಬಲರ್ಹವಲ್ಲ.

4. ನಿಮ್ಮ ಪೆಟ್ಟಿಗೆ ಎಷ್ಟು ತಣ್ಣಗಿದೆ?

ಫ್ರಿಜ್ಜಿನ ಕೆಳಗಿನ ಭಾಗ 4–5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಫ್ರೀಜರ್ ಸೊನ್ನೆಗಿಂತ 18 ಡಿಗ್ರಿ ಕೆಳಗೆ, ಅಂದರೆ ಮೈನಸ್ 18 ಇರಬೇಕು. ಬರೀ ಮಂಜುಗಡ್ಡೆ ಕಟ್ಟಿದರೆ ಸಾಲದು. ನೀರು ಸೊನ್ನೆ ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಮೈನಸ್ 18ಕ್ಕೆ ಇಳಿದಾಗ ಮಾತ್ರ ತಿಂಗಳುಗಟ್ಟಲೆ ದಾಸ್ತಾನು ಸಾಧ್ಯ.

ಒಂಟಿ ಬಾಗಿಲಿನ ಹಲವು ಫ್ರಿಜ್ಜುಗಳ ಮೇಲಿನ ಐಸ್ ಖಾನೆ ಇಷ್ಟು ತಣ್ಣಗಾಗುವುದಿಲ್ಲ. ಕೆಲವು ಪೆಟ್ಟಿಗೆಗಳ ಐಸ್ ಖಾನೆಯ ಬಾಗಿಲ ಮೇಲೆ ನಕ್ಷತ್ರದ ಗುರುತು ಇರುತ್ತದೆ. ಒಂದು ನಕ್ಷತ್ರವಿದ್ದರೆ ಮೈನಸ್ 6 ಡಿಗ್ರಿ: ಹೆಪ್ಪಿನ ಪದಾರ್ಥ ಒಂದು ವಾರ ಇಡಬಹುದು. ಎರಡಿದ್ದರೆ ಮೈನಸ್ 12: ಒಂದು ತಿಂಗಳು. ಮೂರಿದ್ದರೆ ಮೈನಸ್ 18: ಮೂರು ತಿಂಗಳು ಮತ್ತು ಮೇಲ್ಪಟ್ಟು. ನಾಲ್ಕು ನಕ್ಷತ್ರವಿದ್ದರೆ ಮಾತ್ರ ಮನೆಯ ತಾಜಾ ಪದಾರ್ಥವನ್ನು ಸರಿಯಾದ ವೇಗದಲ್ಲಿ ಹೆಪ್ಪುಗಟ್ಟಿಸುವ ಶಕ್ತಿ ಅದಕ್ಕುಂಟು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಫ್ರಿಜ್ಜಿನ ಹೊರಬಾಗಿಲಿಗೆ ಅಂಟಿಸಿರುವ ದೊಡ್ಡ ಚೀಟಿಯ ನಕ್ಷತ್ರಗಳೇ ಬೇರೆ. ಅವು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಜಾರಿಗೆ ತಂದ ಗುರುತು. ವಿದ್ಯುತ್ ಉಳಿತಾಯವನ್ನು ತಿಳಿಸುತ್ತವೆಯೇ ಹೊರತು ಐಸ್ ಖಾನೆಯ ಚಳಿಯನ್ನಲ್ಲ. ‘ಐದು ನಕ್ಷತ್ರದ ಪೆಟ್ಟಿಗೆ ತಂದಿದ್ದೇವೆ, ವರ್ಷವಿಡೀ ಅವರೆ ಇಡಬಹುದು’ ಎಂದು ಭಾವಿಸುವುದು ತಪ್ಪು.

ನಿಶ್ಚಯ ತಿಳಿಯಲು ಫ್ರೀಜರಿಗೆಂದೇ ಮಾರುವ ಸಣ್ಣ ಥರ್ಮಾಮೀಟರ್ ತಂದಿಟ್ಟರೆ ಒಳ್ಳೆಯದು. ಅದಿಲ್ಲದಿದ್ದರೆ ಒಂದು ಅಂದಾಜು: ಐಸ್‌ಕ್ರೀಂ ಕಲ್ಲಿನಂತೆ ನಿಲ್ಲದೆ ಮೆತ್ತಗೆ ಉಳಿಯುವ ಖಾನೆ ಮೈನಸ್ 18 ತಲುಪಿಲ್ಲ. ಅಂಥ ಖಾನೆಯಲ್ಲಿ ಇಟ್ಟದ್ದನ್ನು ಕೆಲವೇ ವಾರದಲ್ಲಿ ಬಳಸಿ ಮುಗಿಸಬೇಕು.

5. ಅವರೆಕಾಳಿನ ಕ್ರಮ

ಹಸಿ ಕಾಳನ್ನು ಹಾಗೆಯೇ ಚೀಲಕ್ಕೆ ತುಂಬಿ ಫ್ರೀಜರಿಗೆ ಹಾಕುವುದು ಈಗ ರೂಢಿಯಾಗಿದೆ. ಕೆಲವು ವಾರ ಅದು ಚೆನ್ನಾಗಿಯೇ ಇರುತ್ತದೆ. ಆಮೇಲೆ ಬಣ್ಣ ಮಾಸಿ ಸೊಗಡು ಹೋಗಿ ಒಣಹುಲ್ಲಿನಂಥ ವಾಸನೆ ಬರುತ್ತದೆ. ಕಾಳಿನೊಳಗಿನ ಕಿಣ್ವಗಳು ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡುವುದೇ ಇದಕ್ಕೆ ಕಾರಣ. ಈ ಕಿಣ್ವಗಳನ್ನು ಶಾಖದಿಂದ ನಿಲ್ಲಿಸಬೇಕು. ಅದಕ್ಕೆ ಕಾಳನ್ನು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಇದಕ್ಕೆ ಬ್ಲಾಂಚಿಂಗ್ ಎಂದು ಹೆಸರು. ಹಸಿ ಅಡಿಕೆಯನ್ನು ಸುಲಿದು ಬೇಯಿಸಿ ಆಮೇಲೆ ಒಣಹಾಕುವವರಿಗೆ, ದಾಸ್ತಾನಿಗೆ ಮುಂಚೆ ಒಂದು ಬಿಸಿ ಕಾಣಿಸುವ ಈ ಪದ್ಧತಿ ವಿಚಿತ್ರವೆನಿಸದು.

ಕೆಲಸದ ಕ್ರಮ ಹೀಗೆ:

(ಅ) ಕಾಯಿ ಕುಯ್ದ ದಿನವೇ ಅಥವಾ ಮರುದಿನ ಬಿಡಿಸಬೇಕು. ಹುಳುಕು, ಬಲಿತು ಒಣಗಿದ್ದು, ಕಪ್ಪು ಚುಕ್ಕೆಯದ್ದು ಬೇರ್ಪಡಿಸಿ ಎಳೆಯ ತುಂಬುಗಾಳನ್ನು ಮಾತ್ರ ಆರಿಸಿ ತೊಳೆಯಬೇಕು.

(ಆ) ಅರ್ಧ ಕಿಲೋ ಕಾಳಿಗೆ ನಾಲ್ಕು ಲೀಟರ್ ನೀರು ಕುದಿಸಬೇಕು. ಕಾಳನ್ನು ತೆಳುಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಮುಳುಗಿಸಬೇಕು. ಒಂದು ನಿಮಿಷದೊಳಗೆ ನೀರು ಮತ್ತೆ ಕುದಿಗೆ ಬಾರದಿದ್ದರೆ ಕಾಳು ಹೆಚ್ಚಾಯಿತೆಂದು ತಿಳಿಯಬೇಕು.

(ಇ) ನೀರು ಮತ್ತೆ ಕುದಿ ಬಂದಲ್ಲಿಂದ ಲೆಕ್ಕ ಹಾಕಿ ಸಣ್ಣ ಕಾಳಿಗೆ 2 ನಿಮಿಷ, ದಪ್ಪ ಕಾಳಿಗೆ 3 ನಿಮಿಷ. ಹಿತಕಿದ ಬೇಳೆಗೆ ಸಿಪ್ಪೆಯಿಲ್ಲದ ಕಾರಣ ಒಂದೆರಡು ನಿಮಿಷವೇ ಸಾಕು. ಬೇಳೆ ಒಡೆಯುವ ಮುನ್ನ ತೆಗೆಯಬೇಕು. ಹಸಿ ಬಟಾಣಿಗೆ ಒಂದೂವರೆ ನಿಮಿಷ, ಹುರುಳಿಕಾಯಿಗೆ 3 ನಿಮಿಷ. ನಮ್ಮ ಬಯಲು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಇಷ್ಟು ಎತ್ತರಕ್ಕೆ ಈ ಕಾಲವನ್ನು ಬದಲಿಸಬೇಕಾಗಿಲ್ಲ.

(ಈ) ತೆಗೆದ ಕೂಡಲೇ ಐಸ್ ಹಾಕಿದ ಶುದ್ಧ ನೀರಿನಲ್ಲಿ, ಕುದಿಸಿದಷ್ಟೇ ಹೊತ್ತು ಮುಳುಗಿಸಬೇಕು. ಇಲ್ಲವಾದರೆ ಒಳಗಿನ ಶಾಖದಿಂದ ಕಾಳು ಬೇಯುತ್ತಲೇ ಹೋಗುತ್ತದೆ. ತಣಿಸುವ ನೀರು ಕುಡಿಯಲು ಯೋಗ್ಯವಾಗಿರಬೇಕು. ಕೃಷಿಹೊಂಡದ್ದಾಗಲಿ ಕೆರೆಯದ್ದಾಗಲಿ ಸಲ್ಲದು.

(ಉ) ಜರಡಿಯಲ್ಲಿ ನೀರು ಬಸಿದು ಒಣ ಬಟ್ಟೆಯ ಮೇಲೆ ಹರಡಿ ಪಸೆ ಆರಿಸಬೇಕು. ಪಸೆಯಿದ್ದರೆ ಕಾಳೆಲ್ಲ ಒಂದೇ ಗಡ್ಡೆಯಾಗುತ್ತದೆ.

(ಊ) ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರಿನಲ್ಲಿಟ್ಟು, ಕಾಳು ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಬೇಕು. ಒಂದು ಹೊತ್ತಿನ ಸಾರಿಗೆ ಬೇಕಾದಷ್ಟೇ ಒಂದು ಚೀಲಕ್ಕೆ. ಗಾಳಿ ಒತ್ತಿ ಹೊರದೂಡಿ ಬಾಯಿ ಬಿಗಿದು, ಪದಾರ್ಥದ ಹೆಸರು ಮತ್ತು ತಾರೀಖು ಬರೆದ ಚೀಟಿ ಅಂಟಿಸಬೇಕು.

ಹೀಗೆ ಮಾಡಿದ ಕಾಳು ಮೈನಸ್ 18ರಲ್ಲಿ ಎಂಟರಿಂದ ಹತ್ತು ತಿಂಗಳು ಒಳ್ಳೆಯ ರುಚಿಯಲ್ಲಿರುತ್ತದೆ. ಜನವರಿಯ ಸೊಗಡವರೆ ಗೌರಿ ಹಬ್ಬಕ್ಕೂ ಉಂಟೆಂದಾಯಿತು. ಬ್ಲಾಂಚಿಂಗ್ ಎಂದರೆ ಬೇಯಿಸಿದಂತಲ್ಲ ಎಂಬುದು ನೆನಪಿರಲಿ. ಅಡಿಗೆಗೆ ಬಳಸುವಾಗ ಅವರೆಯನ್ನು ಪೂರ್ತಿ ಬೇಯಿಸಲೇಬೇಕು.

ಒಂದು ಎಚ್ಚರಿಕೆ. ಉಪ್ಪಿನಕಾಯಿ ಜಾಡಿಯಲ್ಲಿ ಹೊರಗೇ ಉಳಿಯುವುದನ್ನು ಕಂಡು, ಬೇಯಿಸಿದ ಅವರೆಯನ್ನೂ ಸೀಸೆಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಿ ಕಪಾಟಿನಲ್ಲಿಡಲು ಯಾರೂ ಹೋಗಬಾರದು. ಉಪ್ಪಿನಕಾಯಿಯನ್ನು ಕಾಪಾಡುವುದು ಅದರ ಉಪ್ಪು ಮತ್ತು ಹುಳಿ. ಹುಳಿಯಿಲ್ಲದ ಕಾಳು ಗಾಳಿಯಾಡದ ಸೀಸೆಯಲ್ಲಿ ಕುಳಿತರೆ ಬೊಟುಲಿಸಂ ಎಂಬ ಪಾರ್ಶ್ವವಾಯು ತರುವ ವಿಷ ಹುಟ್ಟಬಹುದು. ಅದು ಪ್ರಾಣಕ್ಕೇ ಅಪಾಯ.

6. ಹಲಸು, ಟೊಮ್ಯಾಟೊ, ತೆಂಗಿನಕಾಯಿ

ಹಲಸಿನ ಹಣ್ಣಿಗೆ ಬ್ಲಾಂಚಿಂಗ್ ಬೇಡ. ಗಟ್ಟಿ ತೊಳೆಯ ಹಣ್ಣು ಇದಕ್ಕೆ ಉತ್ತಮ. ಕೆಂಪು ತೊಳೆಯ ಚಂದ್ರ ಹಲಸನ್ನು ಹೀಗೆ ಉಳಿಸಿಕೊಂಡರೆ ಮಳೆಗಾಲ ಕಳೆದ ಮೇಲೂ ಮನೆಗೆ ಬಂದವರಿಗೆ ಕೊಡಬಹುದು. ಕೈಗೂ ಕತ್ತಿಗೂ ಎಣ್ಣೆ ಸವರಿ ತೊಳೆ ಬಿಡಿಸಿ, ಬೀಜ ಮತ್ತು ನಾರು ತೆಗೆದು, ತಟ್ಟೆಯಲ್ಲಿ ಒಂದಕ್ಕೊಂದು ತಾಕದಂತೆ ಜೋಡಿಸಿ ಹೆಪ್ಪುಗಟ್ಟಿಸಿ ಚೀಲಕ್ಕೆ ತುಂಬಬೇಕು. ಬಿರಿದ ಹಣ್ಣು, ನೆಲಕ್ಕೆ ಬಿದ್ದು ಒಡೆದ ಹಣ್ಣು ಸಲ್ಲದು. ಪಲ್ಯದ ಎಳೆಗಾಯಿಯನ್ನಾದರೆ ಹೆಚ್ಚಿ, ಕಪ್ಪಾಗದಂತೆ ಮಜ್ಜಿಗೆ ಇಲ್ಲವೇ ನಿಂಬೆರಸ ಬೆರೆಸಿದ ನೀರಿಗೆ ಹಾಕಿ, ಮೂರು ನಾಲ್ಕು ನಿಮಿಷ ಕುದಿನೀರು ಕಾಣಿಸಿ ತಣಿಸಿ ಇಡಬೇಕು. ಬೀಜವನ್ನು ಕೆಮ್ಮಣ್ಣು ಬಳಿದು ಇಡುವ ಹಳೆಯ ಪದ್ಧತಿಯೇ ಸಾಕು. ಫ್ರೀಜರಿನ ಜಾಗ ಅದಕ್ಕೆ ವ್ಯರ್ಥ.

ಟೊಮ್ಯಾಟೊವನ್ನು ತೊಳೆದು ಒರೆಸಿ, ತೊಟ್ಟಿನ ಭಾಗ ಕೊರೆದು ಇಡೀ ಹಣ್ಣನ್ನೇ ಹೆಪ್ಪುಗಟ್ಟಿಸಬಹುದು. ಬಳಸುವಾಗ ನೀರಿಗೆ ಹಿಡಿದರೆ ಸಿಪ್ಪೆ ತಾನೇ ಜಾರುತ್ತದೆ. ಸಾರಿಗೆ, ಗೊಜ್ಜಿಗೆ ಒಳ್ಳೆಯದು, ಕೋಸಂಬರಿಗೆ ಆಗದು.

ತೆಂಗಿನ ತುರಿ ಬೇಗ ಕಮಟುವ ಪದಾರ್ಥ. ಒಡೆದ ದಿನವೇ ತುರಿದು ಸಣ್ಣ ಪೊಟ್ಟಣಗಳಲ್ಲಿಟ್ಟರೆ ಎರಡು ಮೂರು ತಿಂಗಳು ಬರುತ್ತದೆ. ನಿಂಬೆರಸವನ್ನು ಐಸ್ ತಟ್ಟೆಯ ಗುಳಿಗಳಲ್ಲಿ ಹೆಪ್ಪುಗಟ್ಟಿಸಿ ಬಿಲ್ಲೆಗಳನ್ನು ಚೀಲದಲ್ಲಿಡಬಹುದು.

ಹೆಪ್ಪುಗಟ್ಟಿಸಬಾರದ ಪದಾರ್ಥಗಳೂ ಇವೆ. ಸೌತೆಕಾಯಿ, ಮೂಲಂಗಿ, ಹಸಿ ಆಲೂಗಡ್ಡೆ ನೀರಾಗಿ ಹಾಳಾಗುತ್ತವೆ. ಮೊಸರು ಒಡೆಯುತ್ತದೆ. ಚಿಪ್ಪಿನ ಮೊಟ್ಟೆ ಬಿರಿಯುತ್ತದೆ. ದೇವನಹಳ್ಳಿ ಚಕ್ಕೋತಕ್ಕೆ ದಪ್ಪ ಸಿಪ್ಪೆಯೇ ರಕ್ಷೆ. ನೆರಳಿನ ತಂಪಿನಲ್ಲಿ ಅದು ವಾರಗಟ್ಟಲೆ ಉಳಿಯುತ್ತದೆ. ರಾಗಿ, ಒಣ ಕಾಳು, ಒಣ ಮೆಣಸಿನಕಾಯಿಗೆ ಬಿಸಿಲೇ ಸಾಕು. ಕಾಫಿಪುಡಿ ಸುತ್ತಲಿನ ವಾಸನೆಯನ್ನೂ ತೇವವನ್ನೂ ಎಳೆದುಕೊಳ್ಳುವುದರಿಂದ, ದಿನವೂ ತೆರೆಯುವ ಡಬ್ಬಿಯನ್ನು ಫ್ರಿಜ್ಜಿನಲ್ಲಿಡುವುದು ಸರಿಯಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇರಲಿ.

7. ಹೊಸತೊಡಕಿನ ಮಾಂಸ, ಕೆಲಸದವರ ಅಡಿಗೆ

ಯುಗಾದಿಯ ಮರುದಿನದ ಹೊಸತೊಡಕಿಗೆ ನಮ್ಮ ಕಡೆ ಹಲವರು ಕೂಡಿ ಕುರಿ ಕಡಿದು ಗುಡ್ಡೆ ಪಾಲು ಹಾಕಿಕೊಳ್ಳುತ್ತಾರೆ. ಬೆಳಗಿನ ಜಾವ ಕಡಿದ ಮಾಂಸ ಪಾಲಾಗಿ ಮನೆ ಸೇರುವ ಹೊತ್ತಿಗೆ ಬಿಸಿಲೇರಿರುತ್ತದೆ. ಅಂದು ಅಡಿಗೆಗೆ ಬೇಕಾದಷ್ಟನ್ನು ತೆಗೆದಿಟ್ಟು, ಮಿಕ್ಕದ್ದನ್ನು ಮನೆಗೆ ಬಂದ ಕೂಡಲೇ ಅರ್ಧ ಕಿಲೋ ಲೆಕ್ಕದಲ್ಲಿ ತೆಳ್ಳಗೆ ಹರಡಿದ ಪೊಟ್ಟಣಗಳಾಗಿ ಮಾಡಿ ಫ್ರೀಜರಿಗೆ ಹಾಕಬೇಕು. ಊಟ ಮುಗಿದ ಮೇಲೆ ಸಂಜೆ ನೋಡಿದರಾಯಿತು ಎನ್ನಬಾರದು. ನಾಲ್ಕು ಕಿಲೋ ಮಾಂಸವನ್ನು ಒಂದೇ ಗಂಟಾಗಿ ಇಟ್ಟರೆ ಹೊರಗೆ ಕಲ್ಲಾದರೂ ನಡುವೆ ಬಹಳ ಹೊತ್ತು ಬೆಚ್ಚಗಿರುತ್ತದೆ, ಕೆಡುವುದು ಅಲ್ಲಿಂದಲೇ. ಹಸಿ ಮಾಂಸದ ರಸ ಇತರ ಪದಾರ್ಥದ ಮೇಲೆ ತೊಟ್ಟಿಕ್ಕದಂತೆ ಅದನ್ನು ಯಾವಾಗಲೂ ಕೆಳಗಿಡಬೇಕು. ಕೊಚ್ಚಿದ ಮಾಂಸ ಮೂರು ನಾಲ್ಕು ತಿಂಗಳು, ಕೋಳಿಯ ತುಂಡು ಒಂಬತ್ತು ತಿಂಗಳವರೆಗೆ ರುಚಿ ಉಳಿಸಿಕೊಳ್ಳುತ್ತವೆ.

ಅಡಿಕೆ ಕುಯ್ಲಿನ ದಿನಗಳಲ್ಲಿ ಆಳುಗಳಿಗೆಂದು ದೊಡ್ಡ ಪಾತ್ರೆಯಲ್ಲಿ ಸಾರು ಮಾಡುತ್ತೇವೆ. ಉಳಿದದ್ದನ್ನು ಪಾತ್ರೆಯ ಸಮೇತ ಮೂಲೆಗಿಟ್ಟು ಆರಲು ಬಿಡುವುದು ವಾಡಿಕೆ. ಹತ್ತು ಲೀಟರಿನ ಪಾತ್ರೆಯ ನಡುವಿನ ಸಾರು ಎಷ್ಟೋ ಗಂಟೆ ಬೆಚ್ಚಗೇ ಇರುತ್ತದೆ. ಅದು ಸೂಕ್ಷ್ಮಾಣುಗಳಿಗೆ ಹದವಾದ ಮಡಿ. ಹಾಗೆ ಮಾಡದೆ ಅಗಲವಾದ ತಟ್ಟೆ, ಬೋಗುಣಿಗಳಲ್ಲಿ ಎರಡು ಮೂರು ಅಂಗುಲ ಆಳಕ್ಕೆ ಸುರಿದು, ತಣ್ಣೀರಿನ ತೊಟ್ಟಿಯಲ್ಲಿಟ್ಟು ಕೈಯಾಡಿಸಿ ಬೇಗ ಆರಿಸಬೇಕು. ಎರಡು ಗಂಟೆಯೊಳಗೆ ಫ್ರಿಜ್ಜು ಸೇರಬೇಕು. ಫ್ರಿಜ್ಜಿನಲ್ಲಿ ಮೂರು ದಿನದೊಳಗೆ, ಫ್ರೀಜರಿನಲ್ಲಾದರೆ ಎರಡು ಮೂರು ತಿಂಗಳೊಳಗೆ ಬಳಸಬೇಕು. ಆಲೂಗಡ್ಡೆ ಹಾಕಿದ ಸಾರು ಫ್ರೀಜರಿನಲ್ಲಿ ಹದಗೆಡುತ್ತದೆ.

ತೋಟಗಾರರ ಮನೆಗೆ ಎರಡು ವಿಶೇಷ ಎಚ್ಚರಿಕೆಗಳು. ಗೊಬ್ಬರದ ಚೀಲ, ಮೈಲುತುತ್ತದ ಪೊಟ್ಟಣ, ಔಷಧಿ ಡಬ್ಬಿ ಎಷ್ಟು ತೊಳೆದರೂ ಆಹಾರಕ್ಕೆ ಬಳಸಕೂಡದು. ಆಹಾರಕ್ಕೆಂದು ಮಾರುವ ಚೀಲ, ಡಬ್ಬಿಗಳನ್ನೇ ಬಳಸಬೇಕು. ಎರಡನೆಯದಾಗಿ, ಸಿಂಪರಣೆಯ ಔಷಧಿಯನ್ನು ಆಹಾರವಿರುವ ಪೆಟ್ಟಿಗೆಯಲ್ಲಿ ಎಂದೂ ಇಡಬಾರದು.

8. ಒಂದು ದಿನಕ್ಕೆ ಎಷ್ಟು ತುಂಬಬಹುದು?

ಕಾಳು ಬಿಡಿಸಿದ ಉತ್ಸಾಹದಲ್ಲಿ ಒಂದೇ ದಿನ ಹದಿನೈದು ಕಿಲೋ ತುರುಕಿದರೆ ಪೆಟ್ಟಿಗೆ ಏದುಸಿರು ಬಿಡುತ್ತದೆ. ಹೊಸದು ಬೇಗ ಹೆಪ್ಪುಗಟ್ಟದು, ಹಳೆಯದೂ ಸ್ವಲ್ಪ ಕರಗುತ್ತದೆ. 100 ಲೀಟರ್ ಗಾತ್ರದ ಡೀಪ್ ಫ್ರೀಜರಿಗೆ ದಿನಕ್ಕೆ ಮೂರರಿಂದ ನಾಲ್ಕೂವರೆ ಕಿಲೋ ಹೊಸ ಪದಾರ್ಥ ಮಿತಿ. ಫ್ರಿಜ್ಜಿನ ಸಣ್ಣ ಖಾನೆಗೆ ಅರ್ಧ ಕಿಲೋ ಸಾಕು. ಹೊಸ ಪೊಟ್ಟಣಗಳನ್ನು ಅಂಚಿಗೆ ತಾಕುವಂತೆ, ನಡುವೆ ಗಾಳಿಯಾಡುವಂತೆ ಇಟ್ಟು, ಗಟ್ಟಿಯಾದ ಮೇಲೆ ಒತ್ತಾಗಿ ಜೋಡಿಸಬಹುದು. ಹಳೆಯದು ಮೊದಲು ಹೊರಗೆ ಬರಬೇಕು. ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿ ಒಳಗೆ ಹೋದದ್ದು, ಹೊರಗೆ ಬಂದದ್ದು ಬರೆದಿಟ್ಟರೆ ಬಾಗಿಲು ತೆರೆದು ಹುಡುಕುವ ಕೆಲಸ ತಪ್ಪುತ್ತದೆ.

9. ಕರೆಂಟು ಹೋದಾಗ

ಮುಂಗಾರಿಗೆ ಮುಂಚಿನ ಗುಡುಗು ಮಳೆಗೆ ಕಂಬ ಬಿದ್ದು ಕರೆಂಟು ಹೋಗುವುದೂ, ಹಲಸು ಹಣ್ಣಾಗುವುದೂ ಒಂದೇ ಕಾಲದಲ್ಲಿ. ಆದ್ದರಿಂದ ಈ ಭಾಗವನ್ನು ಮನೆಯವರೆಲ್ಲ ತಿಳಿದಿರಬೇಕು.

ಮೊದಲನೆಯ ನಿಯಮ: ಬಾಗಿಲು ತೆರೆಯಬಾರದು. ತುಂಬಿದ ಡೀಪ್ ಫ್ರೀಜರ್ ಮುಚ್ಚಿದಂತೆಯೇ ಇದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ಚಳಿ ಹಿಡಿದಿಡುತ್ತದೆ. ಫ್ರಿಜ್ಜಿನ ಕೆಳಭಾಗ ನಾಲ್ಕು ಗಂಟೆ ಮಾತ್ರ. ಒಂಟಿ ಬಾಗಿಲಿನ ಫ್ರಿಜ್ಜಿನ ಐಸ್ ಖಾನೆಯಿಂದ 48 ಗಂಟೆಯನ್ನು ನಿರೀಕ್ಷಿಸಬಾರದು. ಜಾಗ ಖಾಲಿಯಿದ್ದರೆ ಮುಕ್ಕಾಲು ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಗಳನ್ನು ಹೆಪ್ಪುಗಟ್ಟಿಸಿ ಇಡುವುದು ಒಳ್ಳೆಯದು. ಕರೆಂಟು ಹೋದಾಗ ಅವೇ ಚಳಿಯನ್ನು ಹಿಡಿದಿಡುತ್ತವೆ.

ಮನೆಯವರು ಊರಿಗೆ ಹೋಗಿದ್ದಾಗ ಕರೆಂಟು ಹೋಗಿ ಬಂದಿತೋ ಇಲ್ಲವೋ ತಿಳಿಯಲು ಸುಲಭವಾದ ಉಪಾಯವಿದೆ. ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ಬಂದು ನೋಡಿದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳ ಸೇರಿದ್ದರೆ ನೀವಿಲ್ಲದಾಗ ಎಲ್ಲವೂ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ಪೊಟ್ಟಣ ಕಲ್ಲಿನಂತೆ ಕಂಡರೂ ಅದನ್ನು ತಿನ್ನಬಾರದು.

ಕರೆಂಟು ಬಂದ ಮೇಲೆ ಒಂದೊಂದೇ ಪೊಟ್ಟಣ ಮುಟ್ಟಿ ನೋಡಬೇಕು. ಒಳಗೆ ಇನ್ನೂ ಮಂಜಿನ ಹರಳು ಇದ್ದರೆ, ಇಲ್ಲವೇ ಥರ್ಮಾಮೀಟರ್ 4 ಡಿಗ್ರಿ ಅಥವಾ ಕಡಿಮೆ ತೋರಿಸಿದರೆ ಮತ್ತೆ ಹೆಪ್ಪುಗಟ್ಟಿಸಬಹುದು. ರುಚಿ ಸ್ವಲ್ಪ ತಗ್ಗುತ್ತದೆ, ಅಪಾಯವಿಲ್ಲ. ಪೂರ್ತಿ ಕರಗಿ ಎರಡು ಗಂಟೆಗಿಂತ ಹೆಚ್ಚು ಬೆಚ್ಚಗಿದ್ದ ಮಾಂಸ, ಅಡಿಗೆ, ಬ್ಲಾಂಚ್ ಮಾಡಿದ ಕಾಳುಗಳನ್ನು ತಿಪ್ಪೆಗೆ ಹಾಕಿ ಮಣ್ಣು ಮುಚ್ಚಬೇಕು. ದುಡಿದು ಬೆಳೆದದ್ದನ್ನು ಎಸೆಯಲು ಕೈ ಬಾರದು ನಿಜ. ಆದರೆ ಒಂದು ಪೊಟ್ಟಣ ಕಾಳಿನ ಬೆಲೆ ಎಷ್ಟು, ಮನೆಯ ಮಗುವನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಹೊತ್ತೊಯ್ಯುವ ಕಷ್ಟ ಎಷ್ಟು ಎಂದು ತೂಗಿ ನೋಡಬೇಕು.

10. ಕರಗಿಸುವ ಬಗೆ

ಬೆಳಿಗ್ಗೆ ಪೊಟ್ಟಣವನ್ನು ಅಡಿಗೆ ಕಟ್ಟೆಯ ಮೇಲಿಟ್ಟು ತೋಟಕ್ಕೆ ಹೋಗಿ ಮಧ್ಯಾಹ್ನ ಬಂದು ಬೇಯಿಸುವುದು ಬಹು ಮನೆಗಳ ಪದ್ಧತಿ. ಇದನ್ನು ಬಿಡಬೇಕು. ಮೇಲ್ಭಾಗ ಕರಗಿ ಬೆಚ್ಚಗಾಗಿ ಗಂಟೆಗಟ್ಟಲೆ ಇರುತ್ತದೆ, ಒಳಗೆ ಇನ್ನೂ ಕಲ್ಲು. ಸರಿಯಾದ ದಾರಿಗಳು ಮೂರು. ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿಡುವುದು ಒಂದು. ನೀರು ಒಳಸೇರದ ಚೀಲವನ್ನು ತಣ್ಣೀರಿನಲ್ಲಿ ಮುಳುಗಿಸಿ ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಕರಗಿದ ಕೂಡಲೇ ಬೇಯಿಸುವುದು ಎರಡು. ಹೆಪ್ಪಿನಿಂದ ನೇರವಾಗಿ ಕುದಿಯುವ ಪಾತ್ರೆಗೆ ಹಾಕುವುದು ಮೂರು. ಅವರೆಕಾಳು, ಬಟಾಣಿ, ಟೊಮ್ಯಾಟೊಗಳಿಗೆ ಇದೇ ಉತ್ತಮ.

11. ಖರ್ಚಿನ ಲೆಕ್ಕ

ಫ್ರಿಜ್ ಮನೆಯಲ್ಲಿದ್ದರೆ ಅದರ ಐಸ್ ಖಾನೆಯನ್ನು ಕ್ರಮವಾಗಿ ಬಳಸಲು ಹೆಚ್ಚಿನ ಖರ್ಚಿಲ್ಲ. ಬೇರೆಯಾಗಿ ಡೀಪ್ ಫ್ರೀಜರ್ ಕೊಳ್ಳುವವರು ಕೊಳ್ಳುವ ಮುನ್ನ ಕೂತು ಲೆಕ್ಕ ಹಾಕಬೇಕು. ಅಂಗಡಿಯಲ್ಲಿ ಅದು ವರ್ಷಕ್ಕೆ ಎಷ್ಟು ಯೂನಿಟ್ ಬಳಸುತ್ತದೆಂದು ಕೇಳಿ, ನಿಮ್ಮ ಬಿಲ್ಲಿನ ಯೂನಿಟ್ ದರದಿಂದ ಗುಣಿಸಿ. ಪೆಟ್ಟಿಗೆಯ ಬೆಲೆಯನ್ನು ಹತ್ತು ವರ್ಷಕ್ಕೆ ಹಂಚಿ ಅದಕ್ಕೆ ಕೂಡಿಸಿ. ಬಂದ ಮೊತ್ತಕ್ಕಿಂತ ನೀವು ಉಳಿಸುವ ಅವರೆ, ಹಲಸು, ತರಕಾರಿಯ ಬೆಲೆ ಹೆಚ್ಚಾದರೆ ಮಾತ್ರ ಕೊಳ್ಳುವುದು ಲಾಭ. ವರ್ಷದಲ್ಲಿ ಎರಡು ತಿಂಗಳು ತುಂಬಿ ಹತ್ತು ತಿಂಗಳು ಖಾಲಿ ಓಡುವ ಪೆಟ್ಟಿಗೆ ನಷ್ಟದ ಬಾಬ್ತು. ಕರೆಂಟು ಆಗಾಗ್ಗೆ ದಿನಗಟ್ಟಲೆ ಹೋಗುವ ಹಳ್ಳಿಯಲ್ಲಿ ಒಣ ಅವರೆಬೇಳೆ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳೇ ಈಗಲೂ ನಂಬಿಕೆಯ ದಾರಿ.

ನೆನಪಿಡಬೇಕಾದ ಮಾತುಗಳು

– ಚಳಿ ಸೂಕ್ಷ್ಮಾಣುಗಳನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ. ಒಳಗೆ ಹೋಗುವುದು ಶುಚಿಯಾಗಿರಬೇಕು.
– ಫ್ರೀಜರ್ ಮೈನಸ್ 18, ಫ್ರಿಜ್ 4–5 ಡಿಗ್ರಿ.
– ಕಾಳು, ತರಕಾರಿಗೆ ಮೊದಲು ಕುದಿನೀರು, ಆಮೇಲೆ ಐಸ್ ನೀರು.
– ಸಣ್ಣ ಪೊಟ್ಟಣ, ತೆಳುವಾದ ಪದರ, ತಾರೀಖಿನ ಚೀಟಿ.
– ಹೊರಗೆ ಎರಡು ಗಂಟೆ. ಬೇಸಿಗೆಯಲ್ಲಿ ಒಂದು ಗಂಟೆ.
– ಕರೆಂಟು ಹೋದರೆ ಬಾಗಿಲು ಮುಚ್ಚಿರಲಿ, ನಾಣ್ಯ ಲೋಟದಲ್ಲಿರಲಿ.
– ಸಂಶಯ ಬಂದದ್ದನ್ನು ರುಚಿ ನೋಡದೆ ಎಸೆಯಿರಿ.

ಓದಿದವರು ಉತ್ತರಿಸಿಕೊಳ್ಳಲು

1. ನಿಮ್ಮ ಮನೆಯ ಐಸ್ ಖಾನೆಯಲ್ಲಿ ಅವರೆಕಾಳನ್ನು ಎಷ್ಟು ಕಾಲ ಇಡಬಹುದು? ಅದನ್ನು ಹೇಗೆ ತಿಳಿದಿರಿ?
2. ಕಳೆದ ಸಲ ಒಂದು ಪೂರ್ತಿ ದಿನ ಕರೆಂಟು ಹೋದಾಗ ಒಳಗಿದ್ದ ಪದಾರ್ಥವನ್ನು ಏನು ಮಾಡಿದಿರಿ? ಇನ್ನು ಮುಂದೆ ಏನು ಮಾಡುವಿರಿ?
3. ನಿಮ್ಮ ಹೊಲ ತೋಟದ ಯಾವ ಪದಾರ್ಥವನ್ನು ಒಣಗಿಸುವುದು ಮೇಲು, ಯಾವುದನ್ನು ಹೆಪ್ಪುಗಟ್ಟಿಸುವುದು ಮೇಲು?

ಮನೆಯಲ್ಲಿ ಅಡಿಗೆ ಮಾಡುವವರು, ಪೆಟ್ಟಿಗೆಗೆ ತುಂಬುವವರು, ಬೆಳಿಗ್ಗೆ ಎದ್ದು ತೆಗೆಯುವವರು ಬೇರೆ ಬೇರೆ ಇರಬಹುದು. ಈ ಹಾಳೆಯನ್ನು ಎಲ್ಲರೂ ಕೂಡಿ ಒಮ್ಮೆ ಓದಿ, ಕೊನೆಯ ಏಳು ಮಾತುಗಳನ್ನು ಪ್ರತಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಬೇಕೆಂದು ಸದಸ್ಯ ಬಂಧುಗಳನ್ನು ಕೋರುತ್ತೇವೆ.